ಏಪ್ರಿಲ್ ಗೃಹಪ್ರವೇಶಕ್ಕೆ ಹುಲ್ಲುಹಾಸು ಹಾಕಿಸಬಹುದೇ, ಮುಂಗಾರಿಗೆ ಕಾಯಬೇಕೇ?

ಬೋಗಾದಿ ಅಂಗಳ (ಮೈಸೂರು), ಫೆಬ್ರವರಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಬೋಗಾದಿ ಕಡೆ ಮನೆ ಕಟ್ಟಿಸುತ್ತಿದ್ದೇವೆ. ಏಪ್ರಿಲ್ ಕೊನೆಗೆ ಗೃಹಪ್ರವೇಶ. ಮನೆಯ ಮುಂದೆ ಸುಮಾರು 800 ಚದರ ಅಡಿ ಜಾಗ ಉಳಿದಿದೆ. ಕಾಲುಭಾಗಕ್ಕೆ ಹೊಂಗೆ ಮರದ ನೆರಳು ಬೀಳುತ್ತದೆ, ಉಳಿದದ್ದು ಪೂರ್ತಿ ಬಿಸಿಲು. ಕೆಂಪು ಮಣ್ಣು, ಆದರೆ ಕಟ್ಟಡದ ಕೆಲಸದಲ್ಲಿ ಜಲ್ಲಿ, ಸಿಮೆಂಟ್ ಚೂರು ಸೇರಿ, ಲಾರಿ ಓಡಾಡಿ ಕಲ್ಲಿನಂತೆ ಗಟ್ಟಿಯಾಗಿದೆ.

ಗುತ್ತಿಗೆದಾರರು ಮಣ್ಣುಸಹಿತ ಹುಲ್ಲಿನ ಹಾಳೆಗಳನ್ನು ತಂದು ಏಪ್ರಿಲ್ ಮೊದಲ ವಾರದಲ್ಲಿ ಹಾಸಿಕೊಡುವುದಾಗಿ ಹೇಳುತ್ತಿದ್ದಾರೆ. ಇರುವ ನೆಲದ ಮೇಲೆ ಎರಡು ಇಂಚು ಕೆಂಪು ಮಣ್ಣು ಹರಡಿ ಅದರ ಮೇಲೆ ಹಾಸಿದರೆ ಸಾಕಂತೆ. ಗೃಹಪ್ರವೇಶದ ದಿನ ಅಂಗಳ ಹಸಿರಾಗಿರಬೇಕು ಎಂಬುದು ಮನೆಯವರೆಲ್ಲರ ಆಸೆ. ನನಗೆ ಮಾತ್ರ ಆ ಬಿಸಿಲಿನಲ್ಲಿ ಹುಲ್ಲು ಬದುಕುತ್ತದೆಯೇ ಎಂಬ ಅನುಮಾನ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಕೊಳವೆಬಾವಿ ಇಲ್ಲ. ಯಾವಾಗ ಹಾಕಿಸಬೇಕು, ಹೇಗೆ ಹಾಕಿಸಬೇಕು, ಯಾವ ಹುಲ್ಲು? ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಬೇರುಬಿಳಲು (ತುಮಕೂರು)

ನಾನು ನರ್ಸರಿ ಮತ್ತು ತೋಟ ನಿರ್ಮಾಣದ ಕೆಲಸದಲ್ಲಿರುವವನು. ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯ ಸೇರಿಕೊಂಡಿವೆ. ಅವನ್ನು ಬೇರೆ ಮಾಡಿದರೆ ಉತ್ತರ ಸುಲಭವಾಗುತ್ತದೆ.

ಮೊದಲನೆಯದು ಬಿಸಿಲು. ನಮ್ಮಲ್ಲಿ ಹಾಸುವ ಹುಲ್ಲುಗಳೆಲ್ಲ, ಅಂದರೆ ಗರಿಕೆಯ ಜಾತಿಯ ಬರ್ಮುಡಾ, ಕೊರಿಯನ್ ಹುಲ್ಲು ಎಂದು ಮಾರುವ ಜಾಯ್ಸಿಯಾ, ಉಪ್ಪುನೀರನ್ನೂ ತಾಳುವ ಪಾಸ್ಪಾಲಂ, ನೆರಳಿಗೆ ಹಾಕುವ ಅಗಲ ಎಲೆಯ ಆಕ್ಸೊನೋಪಸ್, ಇವೆಲ್ಲ ಬೆಚ್ಚಗಿನ ಹವೆಯ ಹುಲ್ಲುಗಳು. ಕಬ್ಬು, ಜೋಳ, ರಾಗಿಯ ಹಾಗೆಯೇ ಇವು ಸಿ4 ಎಂಬ, ಬಿಸಿಲು ಸೆಕೆಗೆ ಹೊಂದುವ ವಿಧಾನದಲ್ಲಿ ಆಹಾರ ತಯಾರಿಸುತ್ತವೆ. ಗಾಳಿಯ ಉಷ್ಣತೆ 27ರಿಂದ 35 ಡಿಗ್ರಿ ಇದ್ದಾಗ ಚೆನ್ನಾಗಿ ಬೆಳೆಯುತ್ತವೆ, ಮಣ್ಣು 24 ಡಿಗ್ರಿ ದಾಟಿದರೆ ಬೇರು ಚುರುಕಾಗಿ ಇಳಿಯುತ್ತದೆ. ಹಾಗಾಗಿ ಉಷ್ಣತೆಯೊಂದನ್ನೇ ನೋಡಿದರೆ ನಿಮ್ಮ ಗುತ್ತಿಗೆದಾರರ ಮಾತಿನಲ್ಲಿ ತಪ್ಪಿಲ್ಲ. ಏಪ್ರಿಲ್ ಮಣ್ಣು ಬೇರಿಗೆ ಹಿತವಾಗಿಯೇ ಇರುತ್ತದೆ.

ಎರಡನೆಯದು ನೀರು. ತೊಡಕಿರುವುದು ಇಲ್ಲಿ. ಹೊಲದಿಂದ ಕತ್ತರಿಸಿ ತಂದ ಹಾಳೆಯಲ್ಲಿ ಅರ್ಧ ಇಂಚಿನಿಂದ ಒಂದು ಇಂಚಿನಷ್ಟು ಮಣ್ಣು ಇರುತ್ತದೆ. ಬೇರಿನ ಬಹುಪಾಲು ಹೊಲದಲ್ಲೇ ಉಳಿದುಹೋಗಿರುತ್ತದೆ. ಹೊಸ ಬೇರು ಕೆಳಗಿನ ಮಣ್ಣಿಗೆ ಇಳಿಯುವವರೆಗೆ, ಸುಮಾರು ಎರಡು ವಾರ, ಆ ತೆಳು ಪದರದ ತೇವವೇ ಅದರ ಜೀವ. ಏಪ್ರಿಲ್ ಬಿಸಿಲಿಗೆ ಅದು ಮಧ್ಯಾಹ್ನದೊಳಗೆ ಒಣಗುತ್ತದೆ. ಆದ್ದರಿಂದ ದಿನಕ್ಕೆ ಎರಡು ಮೂರು ಸಲ ನೀರು ಕೊಡಬೇಕು.

ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಮೇಲೆ 1 ಮಿಲಿಮೀಟರ್ ನೀರು ನಿಂತರೆ ಅದು 1 ಲೀಟರ್. ನಿಮ್ಮ 800 ಚದರ ಅಡಿ ಎಂದರೆ ಸುಮಾರು 74 ಚದರ ಮೀಟರ್. ಬೇಸಿಗೆಯ ಹೊಸ ಹುಲ್ಲಿಗೆ ದಿನಕ್ಕೆ 10 ಮಿಲಿಮೀಟರ್ ಎಂದಿಟ್ಟುಕೊಂಡರೂ 740 ಲೀಟರ್ ಬೇಕು. ಎರಡು ವಾರಕ್ಕೆ ಹತ್ತು ಸಾವಿರ ಲೀಟರ್ ದಾಟುತ್ತದೆ. ದಿನ ಬಿಟ್ಟು ದಿನ ನೀರು ಬರುವ ಮನೆಯಲ್ಲಿ, ಗೃಹಪ್ರವೇಶದ ನೆಂಟರಿಷ್ಟರ ನಡುವೆ, ಅಷ್ಟು ನೀರನ್ನು ಎಲ್ಲಿಂದ ತರುತ್ತೀರಿ? ಟ್ಯಾಂಕರ್ ತರಿಸಿದರೂ ಒಂದು ದಿನ ತಪ್ಪಿದರೆ ಅಂಚುಗಳು ಕುಗ್ಗಿ, ಹಾಳೆಗಳ ನಡುವೆ ಬಿರುಕು ಬಿಟ್ಟು, ಬಿಸಿಗಾಳಿ ಒಳಹೊಕ್ಕು ಬೇರು ಸುಟ್ಟುಹೋಗುತ್ತದೆ.

ನನ್ನ ಮಾತು ಇಷ್ಟು: ಜೂನ್ ತನಕ ಕಾಯಿರಿ. ಮೈಸೂರಿಗೆ ಮೇ ತಿಂಗಳಲ್ಲಿ ಗುಡುಗಿನ ಮಳೆ ಜೋರಾಗಿ ಬರುತ್ತದೆ. ಜೂನ್ ಮತ್ತು ಜುಲೈಯಲ್ಲಿ ಮೋಡ, ಗಾಳಿ, ಸೋನೆ. ಹಾಳೆ ಹಾಸಲು ಅದಕ್ಕಿಂತ ಒಳ್ಳೆಯ ಹವೆ ಇಲ್ಲ. ಮಣ್ಣು ಬೆಚ್ಚಗಿರುತ್ತದೆ, ಮೇಲ್ಪದರ ಬೇಗ ಒಣಗುವುದಿಲ್ಲ. ಮೇ ತಿಂಗಳ ಮಳೆಯನ್ನು ನೆಲ ಹದಮಾಡಲು ಬಳಸಿಕೊಳ್ಳಿ. ಅದು ಹೇಗೆ ಎಂದು ಮುಂದೆ ಬರೆಯುತ್ತೇನೆ, ಏಕೆಂದರೆ ಆ "ಎರಡು ಇಂಚು ಕೆಂಪು ಮಣ್ಣಿನ" ಮಾತು ನನಗೆ ಯಾವ ತಿಂಗಳು ಹಾಸಬೇಕು ಎಂಬುದಕ್ಕಿಂತ ಹೆಚ್ಚು ಚಿಂತೆ ತಂದಿದೆ.

ಮಳೆಲೆಕ್ಕ (ಬೆಂಗಳೂರು)

ಹುಲ್ಲುಹಾಸೇ ಏಕೆ ಬೇಕು ಎಂದು ಮೊದಲು ಕೇಳಿಕೊಳ್ಳಿ ಎನ್ನುವವನು ನಾನು. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಬಾರದೆಂದು ಜಲಮಂಡಳಿ ಆದೇಶ ಹೊರಡಿಸಿತು. ತಪ್ಪಿದರೆ 5,000 ರೂಪಾಯಿ ದಂಡ. ಆ ಬೇಸಿಗೆಯಲ್ಲಿ ನಮ್ಮ ಬಡಾವಣೆಯಲ್ಲಿ ಹುಲ್ಲುಹಾಸುಗಳು ಒಂದೊಂದಾಗಿ ಒಣಗಿದ್ದನ್ನು ನೋಡಿದ್ದೇನೆ. ಮೈಸೂರಿಗೆ ಅಂಥ ಕಷ್ಟ ಬಾರದಿರಲಿ. ಆದರೂ ಬೇರೂರಿದ ಹುಲ್ಲಿಗೂ ಮಳೆ ಇಲ್ಲದ ವಾರದಲ್ಲಿ ಒಂದು ಇಂಚು ನೀರು ಬೇಕು, ನಿಮ್ಮ ಜಾಗಕ್ಕೆ ಸುಮಾರು 1,900 ಲೀಟರ್. ಜನವರಿಯಿಂದ ಮೇವರೆಗೆ ಪ್ರತಿ ವಾರ ಇದನ್ನು ಕೊಡಬಲ್ಲಿರಾ? ಹೊಂಗೆಯ ಕೆಳಗೆ ಹುಲ್ಲು ಬೇಡವೇ ಬೇಡ. ನೆರಳು ಇಷ್ಟಪಡುವ ಗಿಡಗಳನ್ನು ಹಾಕಿ, ಉದುರಿದ ಎಲೆಯನ್ನು ಅಲ್ಲೇ ಬಿಡಿ. ಬಿಸಿಲಿನ ಜಾಗದಲ್ಲೂ ಮಕ್ಕಳು ಆಡುವಷ್ಟಕ್ಕೆ ಮಾತ್ರ ಹುಲ್ಲು ಹಾಕಿಸಿ.

ಬೇರುಬಿಳಲು (ತುಮಕೂರು)

ಮಳೆಲೆಕ್ಕ ಅವರ ಮಾತನ್ನು ಒಪ್ಪುತ್ತೇನೆ. ಹೊಂಗೆ ದಟ್ಟ ನೆರಳಿನ ಮರ. ಬರ್ಮುಡಾಗೆ ದಿನಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಜಾಯ್ಸಿಯಾ ನಾಲ್ಕೈದು ಗಂಟೆಯಲ್ಲೂ ನಡೆಸಿಕೊಳ್ಳುತ್ತದೆ. ಅದಕ್ಕೂ ಕಡಿಮೆಯಾದರೆ ಹುಲ್ಲು ಸಣಕಲಾಗಿ, ಪಾಚಿ ಹಿಡಿದು, ವರ್ಷದೊಳಗೆ ಮಣ್ಣು ಕಾಣಿಸುತ್ತದೆ.

ಈಗ ನೆಲದ ವಿಷಯ. ಲಾರಿ ಓಡಾಡಿದ ಗಟ್ಟಿ ನೆಲದ ಮೇಲೆ ಎರಡು ಇಂಚು ಸಡಿಲ ಮಣ್ಣು ಹರಡಿದರೆ, ಬೇರು ಆ ಎರಡು ಇಂಚು ಇಳಿದು ಅಲ್ಲೇ ಅಡ್ಡಕ್ಕೆ ತಿರುಗುತ್ತದೆ. ಮಳೆನೀರೂ ಅಷ್ಟೇ: ಸಡಿಲ ಪದರ ತುಂಬಿ ಗಟ್ಟಿ ಪದರದ ಮೇಲೆ ನಿಲ್ಲುತ್ತದೆ. ಮಳೆಗಾಲದಲ್ಲಿ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಎರಡು ದಿನ ನೀರು ತಪ್ಪಿದರೆ ಒಣಗುತ್ತದೆ. ಹೊಸ ಮನೆಗಳ ಹುಲ್ಲುಹಾಸು ಎರಡನೇ ವರ್ಷಕ್ಕೆ ಹಾಳಾಗಲು ನಾನು ಕಂಡ ದೊಡ್ಡ ಕಾರಣ ಇದೇ. ಹುಲ್ಲನ್ನು, ಹವೆಯನ್ನು, ಮಾಲಿಯನ್ನು ಜನ ದೂರುತ್ತಾರೆ. ನೆಲವನ್ನು ಅಗೆದು ನೋಡುವವರು ಕಡಿಮೆ.

ಮೊದಲು ಹಾರೆ ಪಿಕಾಸಿಯಿಂದ 6ರಿಂದ 9 ಇಂಚು ಆಳಕ್ಕೆ ಪೂರ್ತಿ ಅಗೆಸಿ. ಜಲ್ಲಿ, ಸಿಮೆಂಟ್ ಗಟ್ಟಿ, ಸುಣ್ಣ, ಕಬ್ಬಿಣದ ಚೂರು ಎಲ್ಲ ಆರಿಸಿ ತೆಗೆಸಿ. ಸಿಮೆಂಟ್ ಉಳಿದರೆ ಮಣ್ಣಿನ ಕ್ಷಾರ ಏರುತ್ತದೆ. ಈ ಹುಲ್ಲುಗಳಿಗೆ ಪಿಎಚ್, ಅಂದರೆ ಮಣ್ಣಿನ ಹುಳಿ-ಕ್ಷಾರದ ಅಳತೆ, 6ರಿಂದ 7ರ ನಡುವೆ ಹಿತ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಅದರ ಫಲಿತಾಂಶ ನೋಡದೆ ಸುಣ್ಣ, ಜಿಪ್ಸಂ ಯಾವುದನ್ನೂ ಹಾಕಬೇಡಿ.

ಆಮೇಲೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಒಂದು ಇಂಚು ದಪ್ಪಕ್ಕೆ ಹರಡಿ ಅಗೆದ ಮಣ್ಣಿನೊಳಗೆ ಬೆರೆಸಿ. ನೂರು ಚದರ ಅಡಿಗೆ 8 ಘನ ಅಡಿಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ. ಹಸಿ ಸಗಣಿ ಗೊಬ್ಬರ ಖಂಡಿತ ಬೇಡ. ಅದರಲ್ಲಿ ಗೊಣ್ಣೆ ಹುಳುವಿನ ಮೊಟ್ಟೆ, ಕಳೆಬೀಜ ಎರಡೂ ಬರುತ್ತವೆ. ಹೊರಗಿನಿಂದ ಕೆಂಪು ಮಣ್ಣು ತರಿಸಲೇಬೇಕಾದರೆ ಅದನ್ನೂ ಕೆಳಗಿನ ಮಣ್ಣಿನೊಂದಿಗೆ ಬೆರೆಸಿ, ಬೇರೆ ಪದರವಾಗಿ ಬಿಡಬೇಡಿ.

ಮಟ್ಟ ಮಾಡುವಾಗ ಮನೆಯಿಂದ ಹೊರಮುಖವಾಗಿ ಪ್ರತಿ ಹತ್ತು ಅಡಿಗೆ ಒಂದೂಕಾಲರಿಂದ ಎರಡೂವರೆ ಇಂಚು ಇಳಿಜಾರು ಇರಲಿ. ದಾರ ಕಟ್ಟಿ, ರಸಮಟ್ಟ ಇಟ್ಟು ನೋಡಿ. ಕಾಲುದಾರಿಯ ಕಲ್ಲಿಗಿಂತ ಮಣ್ಣಿನ ಮಟ್ಟ ಒಂದು ಇಂಚು ತಗ್ಗಿರಲಿ, ಹಾಳೆ ಕೂತ ಮೇಲೆ ಎರಡೂ ಸಮವಾಗುತ್ತವೆ.

ಮುಂದಿನದನ್ನು ದಯವಿಟ್ಟು ಬಿಡಬೇಡಿ. ನೆಲ ಸಿದ್ಧವಾದ ಮೇಲೆ ತಕ್ಷಣ ಹಾಸದೆ ನೀರು ಕೊಟ್ಟು, ಇಲ್ಲವೇ ಮೇ ಮಳೆ ಬೀಳಲು ಬಿಟ್ಟು, ಎರಡು ವಾರ ಕಾಯಿರಿ. ಮಣ್ಣಿನಲ್ಲಿದ್ದ ಕಳೆ ಮೊಳೆಯುತ್ತದೆ. ಪಾರ್ಥೇನಿಯಂ ಆದರೆ ಹೂ ಬಿಡುವ ಮುನ್ನವೇ ಕೀಳಿಸಿ. ಕೊನ್ನಾರಿ ಗಡ್ಡೆ ಆದರೆ ಎಲೆ ಹಿಡಿದು ಎಳೆಯಬೇಡಿ, ಗಡ್ಡೆ ಒಳಗೇ ಉಳಿಯುತ್ತದೆ. ಸಣ್ಣ ಗುದ್ದಲಿಯಿಂದ ಬುಡಸಮೇತ ಎಬ್ಬಿಸಿ, ಗಡ್ಡೆಯ ಸರವನ್ನೇ ಹೊರತೆಗೆಯಬೇಕು. ಇನ್ನೊಮ್ಮೆ ಮೊಳೆಯಲು ಬಿಟ್ಟು ಇನ್ನೊಮ್ಮೆ ತೆಗೆಯಿರಿ. ಹುಲ್ಲು ಹಾಸಿದ ಮೇಲೆ ಕೊನ್ನಾರಿ ತೆಗೆಯುವುದು ವರ್ಷಗಟ್ಟಲೆಯ ಕೆಲಸ, ಈಗಾದರೆ ಕೆಲವು ಬೆಳಗಿನ ಕೆಲಸ.

ಕರಿಮಣ್ಣು (ಧಾರವಾಡ)

ಎರೆಮಣ್ಣಿನವರಿಗೆ ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಮಳೆ ಬಿದ್ದ ಮೇಲೆ ನೆಲ ಅಗೆಯಲು ಹೋದರೆ ಸನಿಕೆಗೆ ಅಂಟಿಕೊಂಡು ಬರುತ್ತದೆ, ತುಳಿದಷ್ಟೂ ಮತ್ತೆ ಗಟ್ಟಿಯಾಗುತ್ತದೆ. ಆದ್ದರಿಂದ ಅಗೆತ, ಗೊಬ್ಬರ ಬೆರೆಸುವುದು ಎಲ್ಲ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಒಣ ಇದ್ದಾಗಲೇ ಮುಗಿಯಬೇಕು. ಮೊದಲ ಮಳೆಗೆ ಬಿರುಕುಗಳು ಮುಚ್ಚಿ ನೆಲ ಉಬ್ಬಿ ಕೂರುತ್ತದೆ. ಆಮೇಲೆ ಮಟ್ಟ ಸರಿಪಡಿಸಿ, ಜುಲೈಯಲ್ಲಿ ಮಳೆ ಬಿಡುವು ಕೊಟ್ಟಾಗ ಹಾಸಬೇಕು. ಬಿರುಕು ಇರುವಾಗಲೇ ಹಾಸಿದರೆ ಮಳೆಗೆ ನೆಲ ಉಬ್ಬಿ ಅಂಗಳವೆಲ್ಲ ಏರುಪೇರು.

ಇನ್ನೊಂದು ಮಾತು. ಎರೆಮಣ್ಣಿಗೆ ಸ್ವಲ್ಪ ಮರಳು ಬೆರೆಸಿದರೆ ಸಡಿಲವಾಗುತ್ತದೆ ಎಂದು ಹೇಳುವವರಿದ್ದಾರೆ. ಅರ್ಧಕ್ಕಿಂತ ಹೆಚ್ಚು ಮರಳು ಹಾಕುವ ಶಕ್ತಿ ಇದ್ದರೆ ಮಾತ್ರ ಆ ಮಾತು ನಿಜ. ಒಂದೆರಡು ಬುಟ್ಟಿ ಹಾಕಿದರೆ ಇನ್ನೂ ಬಿಗಿಯಾಗುತ್ತದೆ. ಕಳಿತ ಗೊಬ್ಬರ, ತೆಂಗಿನ ನಾರಿನ ಪುಡಿ ಹಾಕಿ.

ಅಂಗಳದಾಚೆ (ಡಾಲಸ್, ಟೆಕ್ಸಸ್)

ಕರಿಮಣ್ಣು ಅವರ ಬರಹ ಓದಿ ಖುಷಿಯಾಯಿತು, ಏಕೆಂದರೆ ನಮ್ಮ ಮನೆಯ ಅಂಗಳದಲ್ಲೂ ಅಂಥದ್ದೇ ಮಣ್ಣು. ಡಾಲಸ್ ಸುತ್ತಲಿನ ಕಪ್ಪು ಮಣ್ಣಿನ ಬಯಲು ಮತ್ತು ನಮ್ಮ ದಖನ್ನಿನ ಎರೆಮಣ್ಣು ಎರಡೂ ವರ್ಟಿಸಾಲ್ ಎಂಬ ಒಂದೇ ವರ್ಗಕ್ಕೆ ಸೇರಿದವು. ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಬಿರುಕು, ಮಳೆಗೆ ಉಬ್ಬು. ತಂದೆಯವರು ಹುಬ್ಬಳ್ಳಿಯಿಂದ ಬಂದಾಗ ಮೊದಲು ಮುಟ್ಟಿ ನೋಡಿದ್ದು ಮಣ್ಣನ್ನೇ.

ನನ್ನ ಪ್ರಶ್ನೆ ಬೇರೆ. ಹೊಸ ಮನೆ, ಮಾರ್ಚ್ ಮೊದಲ ವಾರ ಕೀಲಿ ಕೊಡುತ್ತಾರೆ. ಕಟ್ಟಿದವರು ಅದಕ್ಕೂ ಮೊದಲೇ, ಈ ತಿಂಗಳೇ, ಬರ್ಮುಡಾ ಹಾಳೆ ಹಾಸುತ್ತಾರಂತೆ. ಹುಲ್ಲೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ. ಇದು ಸತ್ತ ಹುಲ್ಲೇ? ಏಪ್ರಿಲ್‌ಗೆ ಮುಂದೂಡಿ ಎಂದು ಕೇಳಲೇ?

ಕಾವಲು ಹುಲ್ಲು (ಅಟ್ಲಾಂಟಾ, ಜಾರ್ಜಿಯಾ)

ಅಂಗಳದಾಚೆ ಅವರೇ, ಸತ್ತಿಲ್ಲ, ಮಲಗಿದೆ. ಮಣ್ಣು 10 ಡಿಗ್ರಿಯ ಆಸುಪಾಸಿಗೆ ಇಳಿದರೆ ಬರ್ಮುಡಾ ಎಲೆಯ ಬಣ್ಣ ಕಳೆದುಕೊಂಡು ವಿಶ್ರಾಂತಿಗೆ ಹೋಗುತ್ತದೆ. ಕಾಂಡ, ಬೇರು ಜೀವಂತವಾಗಿರುತ್ತವೆ. ಮಲಗಿರುವ ಹಾಳೆಯನ್ನು ಹಾಸುವುದು ಇಲ್ಲಿ ಸಾಮಾನ್ಯ, ಬದುಕುವುದೂ ಉಂಟು. ಆದರೆ ಬೇರು ಇಳಿಯುವುದು ಮಣ್ಣು ಬೆಚ್ಚಗಾದ ಮೇಲೆಯೇ. ಅಲ್ಲಿಯವರೆಗೆ ಅದು ನೆಲದ ಮೇಲೆ ಸುಮ್ಮನೆ ಕೂತಿರುತ್ತದೆ. ಚಳಿಗಾಲದ ಒಣಗಾಳಿಗೆ ತೇವ ಆರಿಹೋದರೆ, ಇಲ್ಲವೇ ತೀವ್ರ ಹೆಪ್ಪುಚಳಿ ಬಂದರೆ, ಬೇರು ಇಳಿಯದ ಹಾಳೆ ಮೊದಲು ಸಾಯುತ್ತದೆ. 2021ರ ಫೆಬ್ರವರಿಯಲ್ಲಿ ನಿಮ್ಮ ಊರಿನಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 19 ಡಿಗ್ರಿ ಕೆಳಗೆ ಇಳಿದಿತ್ತು. ಅಂಥ ವಾರದಲ್ಲಿ ಆಳಕ್ಕೆ ಬೇರು ಬಿಟ್ಟ ಸೇಂಟ್ ಅಗಸ್ಟೀನ್ ಹುಲ್ಲೇ ಎಷ್ಟೋ ಅಂಗಳಗಳಲ್ಲಿ ಹೋಯಿತು.

ಮುಂದೂಡಲು ಸಾಧ್ಯವಿದ್ದರೆ ಏಪ್ರಿಲ್ ಮಧ್ಯಕ್ಕೆ ಮುಂದೂಡಿ. ನಾಲ್ಕು ಇಂಚು ಆಳದ ಮಣ್ಣು 18 ಡಿಗ್ರಿ ದಾಟಿ ಅಲ್ಲೇ ನಿಂತರೆ ಸಮಯ ಬಂತೆಂದು ಅರ್ಥ. ಅಡುಗೆಮನೆಯ ಥರ್ಮಾಮೀಟರ್ ಚುಚ್ಚಿ ನೋಡಿದರೂ ಸಾಕು. ಅಲ್ಲಿಂದ ಆಗಸ್ಟ್ ಕೊನೆಯವರೆಗೆ ಹಾಸಬಹುದು. ಶರತ್ಕಾಲದಲ್ಲಿ ಹಾಸುವವರು ಮೊದಲ ಹಿಮಕ್ಕೆ ಆರರಿಂದ ಎಂಟು ವಾರ ಮುಂಚೆ ಮುಗಿಸಬೇಕು. ಡಾಲಸ್‌ನಲ್ಲಿ ಮೊದಲ ಹೆಪ್ಪು ಸಾಮಾನ್ಯವಾಗಿ ನವೆಂಬರ್ ಎರಡನೇ ಭಾಗದಲ್ಲಿ ಬೀಳುತ್ತದೆ, ಲೆಕ್ಕ ನೀವೇ ಹಾಕಬಹುದು.

ಮುಂದೂಡದಿದ್ದರೆ ಕಟ್ಟಿದವರಿಂದ ಬರವಣಿಗೆಯಲ್ಲಿ ಒಂದು ಮಾತು ಪಡೆಯಿರಿ: ಮೇ ಕೊನೆಗೆ ಹಸಿರಾಗದ ಹಾಳೆಗಳನ್ನು ಬದಲಿಸಿಕೊಡಬೇಕು ಎಂದು. ಮಳೆ ಇಲ್ಲದ ವಾರಗಳಲ್ಲಿ ನೀರು ಕೊಡುತ್ತಿರಿ. ಕಳೆ ಮೊಳೆಯದಂತೆ ತಡೆಯುವ ಔಷಧಿಯನ್ನು ಈ ವಸಂತದಲ್ಲಿ ಹಾಕಿಸಬೇಡಿ. ಅದು ಹೊಸ ಬೇರನ್ನೂ ತಡೆಯುತ್ತದೆ. ನಿಮ್ಮ ನಗರದಲ್ಲಿ ವಾರಕ್ಕೆ ಎರಡೇ ದಿನ ನೀರು ಹಾಯಿಸುವ ನಿಯಮವಿದ್ದರೆ ಹೊಸ ಹುಲ್ಲಿಗೆ ವಿನಾಯಿತಿ ಇದೆಯೇ ಎಂದು ನಗರಸಭೆಯ ಜಲ ವಿಭಾಗದಲ್ಲಿ ವಿಚಾರಿಸಿ. ಹಲವು ನಗರಗಳಲ್ಲಿ ಅನುಮತಿ ಪತ್ರ ಕೊಡುತ್ತಾರೆ.

ನಾನಿರುವ ಜಾರ್ಜಿಯಾದ ಬಗ್ಗೆ ಅಭಿಮಾನದ ಒಂದು ಮಾತು. ಜಗತ್ತಿನ ಎಷ್ಟೋ ಆಟದ ಮೈದಾನಗಳಲ್ಲಿರುವ ಟಿಫ್‌ವೇ 419 ಎಂಬ ಬರ್ಮುಡಾ ತಳಿ ಇಲ್ಲಿನ ಟಿಫ್ಟನ್ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಅವರ ಕೈಯಲ್ಲಿ ರೂಪುಗೊಂಡು 1960ರಲ್ಲಿ ಹೊರಬಂತು. ನಮ್ಮ ಗರಿಕೆಗೂ ಆಫ್ರಿಕಾದ ಒಂದು ಸಣ್ಣೆಲೆಯ ಹುಲ್ಲಿಗೂ ಹುಟ್ಟಿದ ಮಿಶ್ರತಳಿ ಅದು. ಬೀಜ ಕಟ್ಟುವುದಿಲ್ಲ. ಹಾಗಾಗಿ ಹಾಳೆಯಾಗಿಯೋ ಕಾಂಡದ ತುಂಡಾಗಿಯೋ ಮಾತ್ರ ಹರಡಬೇಕು. "ಟಿಫ್‌ವೇ ಬೀಜ" ಎಂದು ಯಾರಾದರೂ ಮಾರಿದರೆ ಕೊಳ್ಳಬೇಡಿ.

ಕರಾವಳಿ ಅಂಗಳ (ಉಡುಪಿ)

ಮುಂಗಾರಿಗೆ ಕಾಯಿರಿ ಎಂಬ ಸಲಹೆಯನ್ನು ಕರಾವಳಿಯವರು ಹಾಗೆಯೇ ತೆಗೆದುಕೊಳ್ಳಬಾರದು. ನಮ್ಮಲ್ಲಿ ಜೂನ್, ಜುಲೈ ಮಳೆಗೆ ಹೊಸ ಹಾಳೆ ತೇಲಿ ಹೋಗುತ್ತದೆ. ತೇಲದಿದ್ದರೆ ಕೆಳಗೆ ನೀರು ನಿಂತು ಕೊಳೆಯುತ್ತದೆ. ಸೋಣ ತಿಂಗಳು ಕಳೆದು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತನಕ, ನಡುನಡುವೆ ಬಿಸಿಲು ಕಾಣುವ ಹೊತ್ತಿಗೆ ಹಾಸಿದರೆ ಚೆನ್ನ. ಮಣ್ಣು ಬೆಚ್ಚಗೇ ಇರುತ್ತದೆ, ಬಾವಿ ತುಂಬಿರುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣು ಹುಳಿಯಾಗಿರುವುದರಿಂದ ಪರೀಕ್ಷೆಯ ನಂತರ ಸುಣ್ಣ ಬೇಕಾಗಬಹುದು. ತೆಂಗಿನ ತೋಟದ ನೆರಳಿಗೆ ಆಕ್ಸೊನೋಪಸ್ ಹೊಂದುತ್ತದೆ.

ಬೋಗಾದಿ ಅಂಗಳ (ಮೈಸೂರು)

ಎಲ್ಲರಿಗೂ ವಂದನೆಗಳು. ಮನೆಯಲ್ಲಿ ಕೂತು ಮಾತನಾಡಿದೆವು. ಹೊಂಗೆಯ ಕೆಳಗಿನ ಜಾಗ ಬಿಟ್ಟು, ಗೋಡೆಯ ಬದಿಗೆ ಹೂಗಿಡಗಳ ಪಾತಿ ಮಾಡಿ, 500 ಚದರ ಅಡಿಗೆ ಮಾತ್ರ ಹುಲ್ಲು ಎಂದು ತೀರ್ಮಾನಿಸಿದ್ದೇವೆ. ಜೂನ್ ತನಕ ಕಾಯುತ್ತೇವೆ. ಆದರೆ ಗೃಹಪ್ರವೇಶದ ದಿನ ಬೋಳು ಅಂಗಳ ನೋಡಲು ಅಮ್ಮನಿಗೆ ಬೇಸರ. ಈಗಲೇ ನೆಲ ಅಗೆಸಿ ಇಡಲೇ?

ಬೇರುಬಿಳಲು (ತುಮಕೂರು)

ಈಗ ಅಗೆಸಬೇಡಿ. ಸಮಾರಂಭಕ್ಕೆ ಶಾಮಿಯಾನ ಹಾಕುತ್ತೀರಿ, ಕಂಬ ನೆಡುತ್ತಾರೆ, ನೂರಾರು ಜನ ಓಡಾಡುತ್ತಾರೆ, ಅಡುಗೆಯವರ ಪಾತ್ರೆ ನೀರು ಎಲ್ಲ ಅಲ್ಲೇ. ಅಗೆದ ನೆಲವನ್ನು ಅಷ್ಟು ಜನ ತುಳಿದರೆ ಕೆಲಸ ಎರಡಾಗುತ್ತದೆ. ಸಮಾರಂಭ ಗಟ್ಟಿ ನೆಲದ ಮೇಲೆಯೇ ನಡೆಯಲಿ. ನೆಲ ಗುಡಿಸಿ, ಸಗಣಿ ಸಾರಿಸಿ, ಅಮ್ಮನವರು ದೊಡ್ಡ ರಂಗೋಲಿ ಹಾಕಲಿ, ಬಾಳೆಕಂಬ ಕಟ್ಟಿ. ಅದಕ್ಕಿಂತ ಚೆಂದದ ಅಂಗಳ ಬೇಕೇ? ಶಾಮಿಯಾನ ಬಿಚ್ಚಿದ ಮೇಲೆ, ಮೇ ಮೊದಲ ಮಳೆಗೆ ನೆಲ ಸ್ವಲ್ಪ ನೆಂದಾಗ ಅಗೆಸಿ. ನೆಂದ ಕೆಂಪು ಮಣ್ಣಿಗೆ ಕೂಲಿಯೂ ಕಡಿಮೆ ಬೀಳುತ್ತದೆ.

ಹೊಸಬೇರು (ಹಾಸನ)

ಹಣದ ಕಡೆಯಿಂದ ಕೇಳುತ್ತಿದ್ದೇನೆ. ಹಾಳೆ ಕೊಳ್ಳುವ ಶಕ್ತಿ ಇಲ್ಲದವರು ಏನು ಮಾಡಬೇಕು?

ಬೇರುಬಿಳಲು (ತುಮಕೂರು)

ಹಾಳೆಯಿಂದ ಸಿಗುವುದು ಸಮಯ, ಬೇರೇನೂ ಅಲ್ಲ. ಮೂರು ನಾಲ್ಕು ತಿಂಗಳು ಕಾಯಬಲ್ಲಿರಾದರೆ ನಾಟಿ ಮಾಡಿ. ಬರ್ಮುಡಾ ಹಾಳೆಗಳನ್ನು ಸ್ವಲ್ಪವೇ ತಂದು ಬಿಡಿಸಿ, ಗೆಣ್ಣಿರುವ ಸಣ್ಣ ತುಂಡುಗಳನ್ನು ನಾಲ್ಕೈದು ಇಂಚಿಗೊಂದರಂತೆ ನೆಟ್ಟರೆ ಮಳೆಗಾಲ ಮುಗಿಯುವುದರೊಳಗೆ ಹಬ್ಬುತ್ತದೆ. ಇನ್ನೊಂದು ಹಳೆಯ ಪದ್ಧತಿ: ಹುಲ್ಲಿನ ಕಾಂಡವನ್ನು ಕತ್ತರಿಸಿ ಸಗಣಿ, ಮಣ್ಣು, ನೀರಿನೊಂದಿಗೆ ಕಲಸಿ, ಹದ ಮಾಡಿದ ನೆಲದ ಮೇಲೆ ಒಂದು ಇಂಚು ದಪ್ಪಕ್ಕೆ ಬಳಿಯುವುದು. ತೇವ ಆರದಂತೆ ನೋಡಿಕೊಂಡರೆ ಗೆಣ್ಣುಗಳೆಲ್ಲ ಚಿಗುರುತ್ತವೆ. ಜಾಯ್ಸಿಯಾಗೆ ಇವೆರಡೂ ನಿಧಾನ, ಅದು ಹಬ್ಬಲು ವರ್ಷ ಹಿಡಿಯಬಹುದು. ನೆಲ ಹದ ಮಾಡುವ ಕೆಲಸ ಮಾತ್ರ ಯಾವ ಪದ್ಧತಿಯಲ್ಲೂ ಒಂದೇ. ಅಲ್ಲಿ ಉಳಿತಾಯ ಮಾಡಬೇಡಿ.

ಬೋಗಾದಿ ಅಂಗಳ (ಮೈಸೂರು), ಜೂನ್

ಗೃಹಪ್ರವೇಶ ಚೆನ್ನಾಗಿ ಆಯಿತು. ರಂಗೋಲಿಯನ್ನು ಎಲ್ಲರೂ ಮೆಚ್ಚಿದರು. ಮೇ ಮಳೆಗೆ ಅಗೆಸಿದೆವು. ಎರಡು ಬುಟ್ಟಿಗಿಂತ ಹೆಚ್ಚು ಕೊನ್ನಾರಿ ಗಡ್ಡೆ ಸಿಕ್ಕಿತು. ಎರಡು ಸಲ ಕಳೆ ಮೊಳೆಸಿ ತೆಗೆದಿದ್ದೇವೆ. ಜಾಯ್ಸಿಯಾ ಹಾಳೆಗಳು ಬರುವ ಶನಿವಾರ ಬರುತ್ತವೆ. ಹಾಸುವ ದಿನದ ಕ್ರಮವನ್ನು ಬಿಡಿಸಿ ಹೇಳುವಿರಾ?

ಬೇರುಬಿಳಲು (ತುಮಕೂರು)

ಸಂತೋಷ. ಶುಕ್ರವಾರ ಸಂಜೆಯೇ ನೆಲಕ್ಕೆ ನೀರು ಕೊಟ್ಟು ಮೂರು ನಾಲ್ಕು ಇಂಚು ನೆನೆಸಿಡಿ. ಕೆಸರಾಗಬಾರದು, ಕಾಲಿಟ್ಟರೆ ಹೆಜ್ಜೆ ತುಸು ಮಾತ್ರ ಮೂಡಬೇಕು. ಬಿಸಿ ಒಣನೆಲದ ಮೇಲೆ ಹಾಳೆ ಇಟ್ಟರೆ ಮೊದಲ ಗಂಟೆಯಲ್ಲೇ ಬೇರಿನ ತೇವವನ್ನು ನೆಲ ಹೀರುತ್ತದೆ.

ಹಾಳೆಗಳನ್ನು ಎಂದು ಕತ್ತರಿಸಿದ್ದು ಎಂದು ಕೇಳಿ. ಕತ್ತರಿಸಿ 24 ಗಂಟೆಯೊಳಗೆ ನೆಲಕ್ಕೆ ಸೇರಬೇಕು. ಒಂದರ ಮೇಲೊಂದು ಪೇರಿಸಿದ ಹಾಳೆಗಳು ಒಳಗೊಳಗೇ ಬಿಸಿಯೇರುತ್ತವೆ. ರಾಶಿಯ ನಡುವೆ ಕೈ ಹಾಕಿ ನೋಡಿ: ಬೆವರಿದಂತೆ ಬಿಸಿ ಇದ್ದರೆ, ಹುಳಿ ವಾಸನೆ ಬಂದರೆ, ಎಲೆ ಹಳದಿ ತಿರುಗಿದ್ದರೆ ವಾಪಸ್ ಕಳುಹಿಸಿ. ಅಳತೆಗಿಂತ ಹತ್ತರಲ್ಲೊಂದು ಪಾಲು ಹೆಚ್ಚು ತರಿಸಿ, ಅಂಚಿನ ತುಂಡುಗಳಿಗೆ ಬೇಕಾಗುತ್ತದೆ. ಬಂದ ಹಾಳೆಗಳನ್ನು ಹೊಂಗೆಯ ನೆರಳಿನಲ್ಲಿಟ್ಟು ಒದ್ದೆ ಗೋಣಿಚೀಲ ಮುಚ್ಚಿ.

ಕಾಲುದಾರಿಯ ನೇರ ಅಂಚಿನಿಂದ ಮೊದಲ ಸಾಲು ಆರಂಭಿಸಿ. ಎರಡನೇ ಸಾಲನ್ನು ಅರ್ಧ ಹಾಳೆ ಸರಿಸಿ ಇಡಿ, ಇಟ್ಟಿಗೆ ಗೋಡೆಯ ವರಸೆಯ ಹಾಗೆ. ಆಗ ಉದ್ದಕ್ಕೂ ಒಂದೇ ಸೀಳು ಬಾರದೆ ಮಳೆನೀರು ಕಾಲುವೆ ಮಾಡಿಕೊಳ್ಳುವುದಿಲ್ಲ. ಅಂಚಿಗೆ ಅಂಚು ಒತ್ತಿ ಕೂರಿಸಿ. ಒಂದರ ಮೇಲೊಂದು ಹತ್ತಬಾರದು, ಸಂದು ಮುಚ್ಚಲೆಂದು ಎಳೆದು ಹಿಗ್ಗಿಸಲೂಬಾರದು. ಎಳೆದದ್ದು ನಾಳೆ ಕುಗ್ಗುತ್ತದೆ. ಜಾಯ್ಸಿಯಾ ನಿಧಾನವಾಗಿ ಹಬ್ಬುವುದರಿಂದ ನೀವು ಬಿಟ್ಟ ಸಂದು ದೀಪಾವಳಿಗೂ ಕಾಣುತ್ತಿರುತ್ತದೆ. ಸಣ್ಣ ತುಂಡುಗಳನ್ನು ಹೊರ ಅಂಚಿನಲ್ಲಿ ಹಾಕಬೇಡಿ, ಅಲ್ಲಿ ಬೇಗ ಒಣಗುತ್ತವೆ, ನಡುವೆ ಸೇರಿಸಿ. ಹಾಸಿದ ಹಾಳೆಯ ಮೇಲೆ ಮಂಡಿಯೂರಬೇಡಿ, ಒಂದು ಹಲಗೆ ಇಟ್ಟು ಅದರ ಮೇಲೆ ಕೂತು ಕೆಲಸ ಮಾಡಿ.

ಒಂದೆರಡು ಸಾಲು ಮುಗಿದ ಕೂಡಲೇ ಆ ಭಾಗಕ್ಕೆ ನೀರು ಕೊಡಿ, ಪೂರ್ತಿ ಮುಗಿಯಲಿ ಎಂದು ಕಾಯಬೇಡಿ. ಎಲ್ಲ ಆದ ಮೇಲೆ ಹಗುರ ರೋಲರ್ ಒಮ್ಮೆ ಹಾಯಿಸಿ. ರೋಲರ್ ಇಲ್ಲದಿದ್ದರೆ ಹಲಗೆ ಇಟ್ಟು ಮೇಲೆ ನಿಂತು ಒತ್ತುತ್ತಾ ಹೋಗಿ. ಹಾಳೆಯ ಕೆಳಗೆ ಗಾಳಿ ಉಳಿದರೆ ಅಲ್ಲಿ ಬೇರು ಇಳಿಯುವುದಿಲ್ಲ. ಸಂದುಗಳಿಗೆ ಮರಳು ಮತ್ತು ಜರಡಿ ಹಿಡಿದ ಗೊಬ್ಬರ ಬೆರೆಸಿ ಉದುರಿಸಿ. ಕೊನೆಗೆ ಒಂದು ಮೂಲೆ ಎತ್ತಿ ಬೆರಳು ಹಾಕಿ ನೋಡಿ: ಕೆಳಗಿನ ಮಣ್ಣು ನಾಲ್ಕು ಇಂಚಿನವರೆಗೆ ನೆಂದಿರಬೇಕು.

ಮುಂದಿನ ಹತ್ತು ದಿನ ಯಾವ ಹೊತ್ತಿಗೂ ಹಾಳೆ ಒಣಗಬಾರದು. ಸೋನೆ ಹಿಡಿದ ದಿನ ನೀರು ಬೇಡ. ಗಾಳಿ ಬಿಸಿಲಿದ್ದರೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಎರಡು ವಾರವಾದ ಮೇಲೆ ಮೂಲೆ ಹಿಡಿದು ಮೆಲ್ಲಗೆ ಎಳೆಯಿರಿ. ನೆಲ ಬಿಡದೆ ಹಿಡಿದುಕೊಂಡರೆ ಬೇರು ಇಳಿದಿದೆ. ಅಂದಿನಿಂದ ನೀರಿನ ಅಂತರ ಹೆಚ್ಚಿಸಿ, ಪ್ರತಿ ಸಲ ಕೊಡುವ ಪ್ರಮಾಣವನ್ನೂ ಹೆಚ್ಚಿಸಿ. ದಿನಾ ಚಿಮುಕಿಸುತ್ತಿದ್ದರೆ ಬೇರು ಮೇಲೆಯೇ ಉಳಿಯುತ್ತದೆ, ಅಪರೂಪಕ್ಕೆ ಆಳಕ್ಕೆ ಕೊಟ್ಟರೆ ಬೇರೂ ಆಳಕ್ಕೆ ಹೋಗುತ್ತದೆ.

ಮೊದಲ ಕತ್ತರಿಕೆ ಬೇರು ಹಿಡಿದ ಮೇಲೆಯೇ. ಒಂದು ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಜಾಯ್ಸಿಯಾವನ್ನು ಒಂದೂವರೆ ಇಂಚಿನ ಆಸುಪಾಸಿನಲ್ಲಿ ಇಟ್ಟುಕೊಳ್ಳಿ. ಅಲಗು ಹರಿತವಿರಲಿ, ಈ ಹುಲ್ಲಿನ ಎಲೆ ಬಿರುಸು. ಒಂದು ತಿಂಗಳಾದ ಮೇಲೆ 500 ಚದರ ಅಡಿಗೆ ಅರ್ಧ ಕಿಲೋ ಯೂರಿಯಾ ಸಮವಾಗಿ ಎರಚಿ, ಎಲೆಯ ಮೇಲೆ ತೇವ ಇಲ್ಲದಿರುವಾಗಲೇ ಎರಚಿ ಕೂಡಲೇ ನೀರು ಹಾಯಿಸಿ. ನೀರು ಕೊಡದಿದ್ದರೆ ಎಲೆ ಸುಡುತ್ತದೆ. ಅದಕ್ಕೂ ಮುಂಚೆ ಯೂರಿಯಾ ಬೇಡ.

ಮಳೆಲೆಕ್ಕ (ಬೆಂಗಳೂರು)

ಒಂದೇ ಸೇರ್ಪಡೆ. ಮಾಡಿನ ಮಳೆನೀರನ್ನು ನೆಲದಡಿಯ ನೀರಿನ ತೊಟ್ಟಿಗೆ (ಸಂಪ್) ಇಳಿಸುವ ಕೊಳವೆ ಇನ್ನೂ ಹಾಕಿಸಿಲ್ಲದಿದ್ದರೆ ಈ ಮಳೆಗಾಲದಲ್ಲೇ ಹಾಕಿಸಿ. ಜೋರು ಮಳೆ ಬೀಳುವ ಅಕ್ಟೋಬರ್ ಇನ್ನೂ ಮುಂದಿದೆ. ತರಕಾರಿ ತೊಳೆದ ನೀರು, ಸೋಸುವ ಯಂತ್ರದಿಂದ ಹೊರಬೀಳುವ ನೀರನ್ನೂ ಹಿಡಿದಿಡಬಹುದು. ಎರಡನೆಯದರಲ್ಲಿ ಲವಣ ಹೆಚ್ಚಿರುವುದರಿಂದ ಮಳೆನೀರಿನೊಂದಿಗೆ ಬೆರೆಸಿ ಕೊಡಿ.

ಅಂಗಳದಾಚೆ (ಡಾಲಸ್, ಟೆಕ್ಸಸ್)

ನಮ್ಮದೂ ಹೇಳುತ್ತೇನೆ. ಕಟ್ಟಿದವರು ಮುಂದೂಡಲು ಒಪ್ಪಿದರು, ಏಪ್ರಿಲ್ ಮೂರನೇ ವಾರ ಹಾಸಿದರು. ಒಪ್ಪಿಸಿದ್ದು ಮಣ್ಣಿನ ಉಷ್ಣತೆಯ ಮಾತು. ಈಗ ಪೂರ್ತಿ ಹಸಿರಾಗಿದೆ. ಇಲ್ಲಿ ಜುಲೈ ಬಿಸಿಲು 38 ಡಿಗ್ರಿ ಮುಟ್ಟುತ್ತದೆ, ಅದಕ್ಕೂ ಮೊದಲೇ ಬೇರು ಇಳಿದದ್ದು ಸಮಾಧಾನ.

ಬೋಗಾದಿ ಅಂಗಳ (ಮೈಸೂರು)

ಕೊನೆಯದೊಂದು ಪ್ರಶ್ನೆ, ಅಮ್ಮನದು. ಗಣೇಶನ ಹಬ್ಬಕ್ಕೆ ಈ ಹುಲ್ಲಿನಿಂದ ಗರಿಕೆ ಕೀಳಬಹುದೇ? ಇಲ್ಲವಾದರೆ ಒಂದು ಮೂಲೆಯಲ್ಲಿ ಗರಿಕೆ ನೆಡುತ್ತಾರಂತೆ.

ಬೇರುಬಿಳಲು (ತುಮಕೂರು)

ಅಮ್ಮನವರಿಗೆ ನಮಸ್ಕಾರ ತಿಳಿಸಿ. ಜಾಯ್ಸಿಯಾ ಬೇರೆಯೇ ಹುಲ್ಲು, ಗರಿಕೆಯಾಗಿ ನಡೆಯುವುದಿಲ್ಲ. ಅಂಗಳದ ಮೂಲೆಯಲ್ಲಿ ಗರಿಕೆ ನೆಡಲು ಮಾತ್ರ ಬಿಡಬೇಡಿ. ಅದು ನೆಲದ ಮೇಲೂ ಒಳಗೂ ಬಳ್ಳಿ ಓಡಿಸಿ ಒಂದೇ ಮಳೆಗಾಲದಲ್ಲಿ ಜಾಯ್ಸಿಯಾದೊಳಗೆ ನುಗ್ಗುತ್ತದೆ, ಆಮೇಲೆ ಬಿಡಿಸುವುದು ಅಸಾಧ್ಯ. ಅಗಲ ಬಾಯಿಯ ಕುಂಡದಲ್ಲಿ ನೆಡಲಿ, ಕುಂಡವನ್ನು ಸಿಮೆಂಟ್ ಕಟ್ಟೆಯ ಮೇಲೆ ಬಿಸಿಲಿಗೆ ಇಡಲಿ. ಹಬ್ಬಕ್ಕೆ ಮೂರು ವಾರ ಮುಂಚೆ ಒಮ್ಮೆ ಕತ್ತರಿಸಿ ಬಿಟ್ಟರೆ ಮೂರೆಸಳಿನ ಎಳೆಯ ಕುಡಿಗಳು ಬೇಕಾದಷ್ಟು ಸಿಗುತ್ತವೆ. ಆ ಕುಂಡಕ್ಕೆ ಯೂರಿಯಾ ಹಾಕಬೇಡಿ, ಕೊಟ್ಟಿಗೆ ಗೊಬ್ಬರ ಸಾಕು.